ಸಿಗಾರಿಗೆ ಸಿಕ್ಕ ರಸಿಕ

ಕ್ಲಬ್ಬೊಂದರ ಮರದ ಪೆಟ್ಟಿಗೆಯಲ್ಲಿ, ಕೈಯಲ್ಲೇ ಸುತ್ತಿದ ದುಬಾರಿ ಸಿಗಾರೊಂದು ಹನ್ನೆರಡು ವರ್ಷದಿಂದ ಮಲಗಿತ್ತು. ತನ್ನ ರುಚಿ ಬಲ್ಲ ರಸಿಕನೊಬ್ಬ ಬಂದೇ ಬರುತ್ತಾನೆ ಅಂತ ಅದರ ನಂಬಿಕೆ. ಬಂದವರೆಲ್ಲ ಎಲೆಯ ಸದ್ದು ಕೇಳಲು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಸುಕುತ್ತಿದ್ದರು, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. "ಆಹಾ, ಕಾಫಿ!" ಅಂತ ಒಬ್ಬರು. "ಏಲಕ್ಕಿ!" ಅಂತ ಇನ್ನೊಬ್ಬರು. "ಹಳೇ ಲೈಬ್ರರಿ!" ಅಂತ ಮತ್ತೊಬ್ಬರು. ಆಮೇಲೆ ಹಚ್ಚಲು ಮನಸ್ಸಾಗದೆ ಪೆಟ್ಟಿಗೆಗೇ ವಾಪಸ್ ಇಡುತ್ತಿದ್ದರು.

ಒಂದು ಮಧ್ಯಾಹ್ನ ಸಿಗಾರಿಗೆ ಸೊಂಟದಲ್ಲಿ ಚುರುಕ್ಕೆಂದಿತು. ನೋಡಿದರೆ ಸಾಸಿವೆ ಗಾತ್ರದ ಹುಳವೊಂದು ಆಗಲೇ ಅರ್ಧ ಒಳಗೆ ಹೋಗಿತ್ತು.

"ಎಲೈ ಹುಳವೇ, ನಾನು ಯಾರು ಗೊತ್ತೇನು? ನನ್ನನ್ನು ತಿನ್ನುವುದಲ್ಲ, ಆಸ್ವಾದಿಸುವುದು!"

"ಕ್ಷಮಿಸಿ ಸ್ವಾಮಿ, ಬಾಯಿ ತುಂಬಿದೆ," ಅಂದಿತು ಹುಳ.

ಸಿಗಾರಿನ ಸಿಟ್ಟು ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ತನ್ನನ್ನು ಬಾಯಿಗಿಟ್ಟುಕೊಂಡದ್ದು ಇದೊಂದೇ.

"ಹೋಗಲಿ, ರುಚಿ ಹೇಗಿದೆ ಹೇಳು. ಕಾಫಿಯೋ, ಏಲಕ್ಕಿಯೋ?"

ಹುಳ ನಿಧಾನವಾಗಿ ಅಗಿದು ನುಂಗಿತು. "ಅದೆಲ್ಲ ನಾನು ತಿಂದವನಲ್ಲ, ಸ್ವಾಮಿ. ಇದು ಹೊಗೆಸೊಪ್ಪು. ಆದರೆ ಇಂಥ ಹೊಗೆಸೊಪ್ಪನ್ನು ನಮ್ಮ ವಂಶದಲ್ಲೇ ಯಾರೂ ತಿಂದಿಲ್ಲ."



"ಈ ಕಡೆ ಎಲೆ ಇನ್ನೂ ಮೃದುವಾಗಿದೆ, ತಗೋಪ್ಪ," ಎನ್ನುತ್ತಾ ಸಿಗಾರು ಮೆಲ್ಲನೆ ಮಗ್ಗುಲು ಬದಲಿಸಿತು.