ಬಿಟ್ಟು ಬಂದ ಜಾಗ

“ಮೇಷ್ಟ್ರೇ, ನಾನು ಹೊಡೆದರೆ ಅಂಕ ಬರುತ್ತದೆ ಎಂದು ಗೊತ್ತಿರುವಾಗ ಜೊತೆಗಾರರ ಚೆಂಡಿಗೆ ಅಡ್ಡ ಹೋಗುವುದು ತಪ್ಪೇ?” ಎಂದು ಚಿತ್ಕಲಾ ಕೇಳಿದಳು.

ಹಾಲಪ್ಪ ಮೇಷ್ಟ್ರು ಆ ಊರಿನಲ್ಲಿ ಪಿಕಲ್‌ಬಾಲ್ ಕಲಿಸುತ್ತಿದ್ದವರು. ಚಿತ್ಕಲಾ ಅವರ ಶಿಷ್ಯೆ. ಹಿಂದಿನ ದಿನ ಜೋಡಿ ಆಟದಲ್ಲಿ ಅವಳೂ ಪ್ರೇಮಲತಾಳೂ ಗೆದ್ದಿದ್ದರು. ಕೊನೆಯ ಅಂಕವನ್ನು ಚಿತ್ಕಲಾ, ಪ್ರೇಮಲತಾಳ ಮುಂದೆ ಹಾದುಹೋಗಿ ಹೊಡೆದಿದ್ದಳು. ಗೆದ್ದ ಮೇಲೆ ಪ್ರೇಮಲತಾ ಎದುರಾಳಿಗಳ ಕೈ ಕುಲುಕಿ, ಇವಳೊಡನೆ ಒಂದು ಮಾತೂ ಆಡದೆ ಹೊರಟುಹೋದಳು. ಬೆಳಿಗ್ಗೆ ಬಂದು, ತನಗೆ ಬೇರೆ ಜೋಡಿ ಕೊಡಿ ಎಂದು ಮೇಷ್ಟ್ರನ್ನು ಕೇಳಿಕೊಂಡಿದ್ದಳು.

ಮೇಷ್ಟ್ರು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಚಿತ್ಕಲಾಳನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬಸ್ ಡ್ರೈವರ್ ಇದ್ದ. ಅವನ ಬಸ್ಸಿಗೆ ಒಬ್ಬ ಕಂಡಕ್ಟರ್. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಮಾರ್ಗದಲ್ಲಿ ದುಡಿದರು. ಅಷ್ಟು ವರ್ಷ ಜೊತೆಗಿದ್ದರೂ ಒಬ್ಬರನ್ನೊಬ್ಬರು ಬಹುವಚನ ಬಿಟ್ಟು ಮಾತಾಡಿಸಿದವರಲ್ಲ. ಜಗಳವಾಡಿದ್ದೂ ಇಲ್ಲ. ಒಂದೇ ವರ್ಷ ನಿವೃತ್ತರಾದರು.

ಕೆಲಸವಿಲ್ಲದ ಬೆಳಗುಗಳನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಊರಿನ ಉದ್ಯಾನದ ಪಕ್ಕದಲ್ಲಿ ಹಳೆಯ ಶಟಲ್ ಅಂಕಣಕ್ಕೆ ಹೊಸ ಗೆರೆ ಎಳೆದು ಪಿಕಲ್‌ಬಾಲ್ ಆಡಲು ಶುರುಮಾಡಿದ್ದರು. ಅಗಲವಾದ ಬ್ಯಾಟು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು, ಸೊಂಟದೆತ್ತರದ ನೆಟ್. ವಯಸ್ಸಾದವರೂ ಆಡಬಹುದಾದ ಆಟ. ಇಬ್ಬರೂ ಸೇರಿಕೊಂಡರು, ಜೋಡಿಯಾದರು.

ನೆಟ್‌ನ ಮುಂದೆ ಏಳು ಅಡಿ ಅಗಲದ ಒಂದು ಪಟ್ಟಿ ಇರುತ್ತದೆ. ಅದರೊಳಗೆ ನಿಂತು ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಂತಿಲ್ಲ. ಆದ್ದರಿಂದ ಬಲ್ಲವರು ಆ ಪಟ್ಟಿಯ ಗೆರೆಯ ಹಿಂದೆ, ಅಕ್ಕಪಕ್ಕದಲ್ಲಿ ನಿಂತು ಆಡುತ್ತಾರೆ. ಒಬ್ಬ ಎರಡು ಹೆಜ್ಜೆ ಸರಿದರೆ ಇನ್ನೊಬ್ಬನೂ ಎರಡು ಹೆಜ್ಜೆ ಸರಿಯಬೇಕು. ಇಲ್ಲದಿದ್ದರೆ ನಡುವೆ ಬಾಗಿಲು ತೆರೆದಂತಾಗುತ್ತದೆ. ಡ್ರೈವರ್‌ಗೂ ಕಂಡಕ್ಟರ್‌ಗೂ ಇದು ಬೇಗ ಕೈಹತ್ತಿತು. ಮೊದಲ ವರ್ಷ ಅವರು ಗೆದ್ದದ್ದೂ ಉಂಟು, ಸೋತದ್ದೂ ಉಂಟು.

ಎರಡನೆಯ ವರ್ಷ ಕಂಡಕ್ಟರ್ ಚೆಂಡು ತಪ್ಪಿಸತೊಡಗಿದ. ದೂರದಿಂದ ಬಂದು ಪುಟಿಯುವ ಚೆಂಡನ್ನು ಸರಿಯಾಗಿಯೇ ಹೊಡೆಯುತ್ತಿದ್ದ. ನೆಟ್‌ನ ಹತ್ತಿರ ವೇಗವಾಗಿ ಬಂದದ್ದು ಮಾತ್ರ ತಪ್ಪುತ್ತಿತ್ತು. ವಯಸ್ಸು ಎಂದು ಡ್ರೈವರ್ ಸುಮ್ಮನಿದ್ದ. ಒಂದು ಬೆಳಿಗ್ಗೆ ಆಟ ಮುಗಿಸಿ ಕಲ್ಲುಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದಾಗ ಕಂಡಕ್ಟರ್ ಲೋಟವನ್ನು ಬೆಂಚಿನ ಅಂಚಿನಿಂದ ಒಂದು ಬೆರಳು ಆಚೆಗೆ, ಗಾಳಿಯಲ್ಲಿ ಇಟ್ಟ. ಲೋಟ ಬಿದ್ದು ಒಡೆಯಿತು. ಕೈ ಜಾರಿತು ಎಂದು ಕಂಡಕ್ಟರ್ ಹೇಳಿದ. ಕೈ ಜಾರಲಿಲ್ಲ ಎಂಬುದನ್ನು ಡ್ರೈವರ್ ನೋಡಿದ್ದ. ದೂರ ಹತ್ತಿರ ತಿಳಿಯುತ್ತಿಲ್ಲ ಎಂದರೆ ಗೆಳೆಯನ ಒಂದು ಕಣ್ಣು ಹೋಗುತ್ತಿದೆ ಎಂದು ಅಂದೇ ಅವನಿಗೆ ತಿಳಿಯಿತು.

ಕಂಡಕ್ಟರ್ ತಾನಾಗಿ ಹೇಳದೆ ಇದ್ದುದನ್ನು ಕೇಳುವುದು ಸರಿಯಲ್ಲ ಎಂದು ಡ್ರೈವರ್‌ಗೆ ಅನಿಸಿತು. ಆದರೆ ಗೆಳೆಯ ನಾಲ್ಕು ಜನರ ಮುಂದೆ ಚೆಂಡು ತಪ್ಪಿಸಿ ನಗೆಪಾಟಲಾಗುವುದನ್ನು ನೋಡಲೂ ಆಗಲಿಲ್ಲ. ಮಾತಿಲ್ಲದೆ ಒಂದು ದಾರಿ ಕಂಡುಕೊಂಡ. ಕಂಡಕ್ಟರ್‌ನ ಕಡೆಗೆ ವೇಗದ ಚೆಂಡು ಬಂದಾಗಲೆಲ್ಲ ತಾನೇ ಅಡ್ಡ ಹೋಗಿ ಹೊಡೆಯತೊಡಗಿದ. ಹೊಡೆದ ಮರುಕ್ಷಣವೇ ಓಡಿಬಂದು ಅಂಕಣದ ತನ್ನ ಅರ್ಧವನ್ನು ತಾನೇ ಕಾಯುತ್ತಿದ್ದ. ಕಣ್ಣು ಕಾಣದವನನ್ನು ಅತ್ತಿಂದಿತ್ತ ಓಡಿಸಬಾರದು ಎಂಬುದು ಅವನ ಲೆಕ್ಕ.

ಅಲ್ಲಿಂದ ಅವರು ಗೆಲ್ಲತೊಡಗಿದರು. ಡ್ರೈವರ್ ಒಬ್ಬನೇ ಇಬ್ಬರ ಆಟ ಆಡುತ್ತಾನೆ ಎಂದು ನೋಡುವವರು ಮೆಚ್ಚಿದರು. ಡ್ರೈವರ್‌ಗೆ ಆ ಮೆಚ್ಚುಗೆಗಿಂತ ತಾನು ಗುಟ್ಟಾಗಿ ಮಾಡುತ್ತಿರುವ ಉಪಕಾರದ ಸಂತೋಷ ಹೆಚ್ಚಾಗಿತ್ತು. ಕಂಡಕ್ಟರ್ ದಿನದಿನಕ್ಕೆ ಕಡಿಮೆ ಸರಿಯುತ್ತಿದ್ದ. ಆಮೇಲಾಮೇಲೆ, ತನ್ನ ಸರದಿಯ ಸರ್ವ್ ಹಾಕುವುದು, ತನಗೇ ಬಂದ ಸರ್ವ್ ತಿರುಗಿಸುವುದು, ಇಷ್ಟು ಬಿಟ್ಟರೆ ಬ್ಯಾಟು ಹಿಡಿದು ನಿಂತಿರುತ್ತಿದ್ದ. ಇದು ಡ್ರೈವರ್‌ನ ಗಮನಕ್ಕೆ ಬರಲಿಲ್ಲ. ಚೆಂಡನ್ನು ನೋಡುವುದೇ ಅವನಿಗೆ ಸಾಕಷ್ಟು ಕೆಲಸವಾಗಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಹಿರಿಯರಿಗಾಗಿ ಒಂದು ಪಂದ್ಯಾವಳಿ ನಡೆಯಿತು. ಇಬ್ಬರೂ ಫೈನಲ್ ತಲುಪಿದರು. ಎದುರಿಗಿದ್ದವರು ವಿದ್ಯುತ್ ಕಂಬ ಹತ್ತಿ ಹತ್ತಿ ನಿವೃತ್ತರಾದ ಇಬ್ಬರು ಲೈನ್‌ಮನ್‌ಗಳು. ಅವರು ಅವಸರದವರಲ್ಲ. ನಾಲ್ಕು ಅಂಕ ಬಿಟ್ಟುಕೊಟ್ಟು, ಡ್ರೈವರ್ ಹೇಗೆ ಅಡ್ಡ ಬರುತ್ತಾನೆ ಎಂದು ನೋಡಿಕೊಂಡರು. ಆಮೇಲೆ ಅವರಲ್ಲೊಬ್ಬ, ಕಂಡಕ್ಟರ್‌ನ ಕಡೆಗೆ ಹೊಡೆಯುವನು. ಡ್ರೈವರ್ ಅಡ್ಡ ಹೋಗಿ ತಿರುಗಿಸುವನು. ಅವನು ಮರಳುವಷ್ಟರಲ್ಲಿ ಇನ್ನೊಬ್ಬ ಲೈನ್‌ಮನ್, ಡ್ರೈವರ್ ಬಿಟ್ಟು ಬಂದ ಅರ್ಧಕ್ಕೆ ಚೆಂಡನ್ನು ಮೆಲ್ಲನೆ ಇಳಿಸುವನು. ಕಂಡಕ್ಟರ್ ಅಲ್ಲಿಗೆ ಮೂರೇ ಹೆಜ್ಜೆ ದೂರ. ಅವನು ಕದಲಲಿಲ್ಲ. ಮತ್ತೆ ಹಾಗೆಯೇ ಆಯಿತು, ಮತ್ತೂ ಹಾಗೆಯೇ ಆಯಿತು. ನಾಲ್ಕು ಅಂಕಗಳಲ್ಲೇ ನಿಂತು ಅವರು ಸೋತರು.

ಡ್ರೈವರ್ ಓಡಿ ಓಡಿ ದಣಿದಿದ್ದ. ಬ್ಯಾಟನ್ನು ನೆಲಕ್ಕೆ ಹಾಕಿ ಕಂಡಕ್ಟರ್‌ನ ಕಡೆ ತಿರುಗಿದ.

“ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿತ್ತು. ಅದೂ ಕಾಣಿಸಲಿಲ್ಲವೇ ನಿಮಗೆ?”

ಮಾತು ಬಾಯಿಂದ ಹೊರಬಿದ್ದ ಮೇಲೆ ಡ್ರೈವರ್‌ಗೆ ಅದು ಕೇಳಿಸಿತು. ಸುತ್ತ ಜನರಿದ್ದರು. ಕಂಡಕ್ಟರ್ ಬ್ಯಾಟನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಗೆದ್ದವರಿಗೆ ಕೈಮುಗಿದು ಹೊರಟುಹೋದ.

ಮರುದಿನ ಅವನು ಆಡಲು ಬರಲಿಲ್ಲ. ಆ ವಾರ ಬರಲೇ ಇಲ್ಲ. ಡ್ರೈವರ್ ಬೇರೆಯವರೊಡನೆ ಆಡಿ ನೋಡಿದ, ಮನಸ್ಸು ನಿಲ್ಲಲಿಲ್ಲ. ಎಂಟನೆಯ ದಿನ ಕಂಡಕ್ಟರ್‌ನ ಮನೆಗೆ ಹೋದ. ಕಂಡಕ್ಟರ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗಿನಿಂದ ಇನ್ನೊಂದು ಕುರ್ಚಿ ತಂದುಹಾಕಿದ. ಬಲಗಣ್ಣಿನ ನರ ಒಣಗಿದೆಯಂತೆ, ಅದಿನ್ನು ಬರುವುದಿಲ್ಲವಂತೆ, ಎಡಗಣ್ಣಿಗೆ ಏನೂ ಆಗಿಲ್ಲವಂತೆ ಎಂದು ಬೇರೆ ಯಾರದೋ ಕಾಯಿಲೆಯ ಸುದ್ದಿ ಹೇಳುವಂತೆ ಹೇಳಿದ. ನಿಮಗೆ ಎಂದಿನಿಂದ ಗೊತ್ತು ಎಂದು ಕೇಳಿದ. ಚಹಾದ ಲೋಟ ಬಿದ್ದ ದಿನದಿಂದ ಎಂದು ಡ್ರೈವರ್ ಒಪ್ಪಿಕೊಂಡ. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದ. ನಿಮಗೆ ಕಷ್ಟವಾಗದಿರಲಿ ಎಂದೇ ಅಷ್ಟೆಲ್ಲ ಓಡಾಡಿದೆ ಎಂದೂ ಹೇಳಿದ.

ಕಂಡಕ್ಟರ್ ತಲೆಯಾಡಿಸಿದ.

“ನನ್ನ ಚೆಂಡು ಹೊಡೆದಿರಿ, ಅದಕ್ಕೆ ಬೇಸರವಿಲ್ಲ. ನನಗದು ಕಾಣುತ್ತಿರಲಿಲ್ಲ. ಆದರೆ ಹೊಡೆದವರು ಅಲ್ಲೇ ನಿಂತಿದ್ದರೆ ನಿಮ್ಮ ಜಾಗಕ್ಕೆ ನಾನು ಹೋಗುತ್ತಿದ್ದೆ. ಮೊದಮೊದಲು ಹೊರಟಿದ್ದೆ ಕೂಡ. ಹೋಗುವಷ್ಟರಲ್ಲಿ ನೀವು ಬಂದು ನಿಂತಿರುತ್ತಿದ್ದಿರಿ. ಡ್ರೈವರ್ರೇ, ನನ್ನ ಕಾಲಿಗೆ ಏನೂ ಆಗಿರಲಿಲ್ಲ.”

ಡ್ರೈವರ್ ಒಂದು ವರ್ಷದ ಆಟಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಕಂಡಕ್ಟರ್ ಹೊರಟದ್ದು, ನಿಂತದ್ದು ಒಂದೂ ಅವನಿಗೆ ನೆನಪಿರಲಿಲ್ಲ. ನಾಳೆ ಬನ್ನಿ ಎಂದಷ್ಟೇ ಹೇಳಿ ಎದ್ದ. ಮರುದಿನ ಕಂಡಕ್ಟರ್ ಬರಲಿಲ್ಲ. ಮೂರನೆಯ ದಿನ ಬಂದ.

ಅವರು ಹೊಸದಾಗಿ ಕಲಿಯತೊಡಗಿದರು. ಅಡ್ಡ ಹೋಗುವಾಗ ಡ್ರೈವರ್ “ಹೋದೆ” ಎಂದು ಕೂಗಬೇಕು. ಹೋದವನು ಮರಳಬಾರದು. ಕಂಡಕ್ಟರ್ ಅವನ ಬೆನ್ನ ಹಿಂದಿನಿಂದ ಹಾದು ಖಾಲಿಯಾದ ಅರ್ಧಕ್ಕೆ ಸೇರಿಕೊಳ್ಳಬೇಕು. ಹೇಳಲು ಸುಲಭವಾಗಿತ್ತು. ಮೊದಲ ದಿನ ಭುಜಕ್ಕೆ ಭುಜ ಬಡಿದು ಇಬ್ಬರೂ ಬಿದ್ದರು. ಹಿಂದೆ ತಾವು ಆಡಿಸಿ ಸೋಲಿಸುತ್ತಿದ್ದವರ ಕೈಯಲ್ಲಿ ತಿಂಗಳುಗಟ್ಟಲೆ ಸೋತರು. ಕೂಗಬೇಕಾದಲ್ಲಿ ಡ್ರೈವರ್ ಕೂಗುತ್ತಿರಲಿಲ್ಲ, ಕೂಗಿದರೆ ಕಾಲು ತಾನಾಗಿ ಹಿಂದಕ್ಕೆ ಓಡುತ್ತಿತ್ತು. ಓಡದೆ ನಿಂತರೆ ಕುತ್ತಿಗೆ ತಿರುಗುತ್ತಿತ್ತು. ಕಂಡಕ್ಟರ್ ಬಂದನೋ ಇಲ್ಲವೋ ಎಂದು ನೋಡುವಷ್ಟರಲ್ಲಿ ಎದುರಿನ ಚೆಂಡು ಎದೆಗೆ ಬಡಿಯುತ್ತಿತ್ತು. ತಾನು ಗೆಳೆಯನನ್ನು ಎಷ್ಟು ಕಡಿಮೆ ನಂಬಿದ್ದೆ ಎಂಬುದು ಅವನಿಗೆ ಆಗ ಅಳತೆಗೆ ಸಿಕ್ಕಿತು. ನಾಚಿಕೆಯಾಯಿತು. ಆದರೂ ಕುತ್ತಿಗೆ ತಿರುಗುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಎಂದಿನಂತೆ ಅವನು ಕೂಗಿ ಅಡ್ಡ ಹೋಗಿ ಹೊಡೆದ. ಎದುರಾಳಿ ಚೆಂಡನ್ನು ಖಾಲಿ ಅರ್ಧದ ಕಡೆಗೆ ತಿರುಗಿಸಿದ. ಚೆಂಡು ತನ್ನ ಭುಜದ ಪಕ್ಕ ಹಾದುಹೋದದ್ದನ್ನು ಡ್ರೈವರ್ ಕಂಡ. ಅವನು ಎದುರಿಗೇ ನೋಡುತ್ತ ನಿಂತ. ಪಕ್ಕದಲ್ಲಿ ಬ್ಯಾಟಿನ ಸದ್ದು ಕೇಳಿತು. ಚೆಂಡು ನೆಟ್ ದಾಟಿ ಹೋಗಿ ಗೆರೆಯ ಆಚೆಗೆ ಬಿತ್ತು. ಅಂಕ ಎದುರಾಳಿಗಳದ್ದಾಯಿತು. ಕಂಡಕ್ಟರ್ ನಗುತ್ತಿದ್ದ.

ಮರುವರ್ಷದ ಪಂದ್ಯಾವಳಿಯಲ್ಲಿ ಅವರು ಎರಡನೆಯ ಸುತ್ತಿನಲ್ಲೇ ಸೋತರು. ಬೆವರು ಒರೆಸಿಕೊಂಡು, ಎಲ್ಲಿ ಎಡವಿದೆವು ಎಂದು ದಾರಿಯುದ್ದಕ್ಕೂ ವಾದಿಸುತ್ತ ಇಬ್ಬರೂ ಒಟ್ಟಿಗೆ ಮನೆಗೆ ನಡೆದರು. ಇಂದಿಗೂ ಒಟ್ಟಿಗೆ ಆಡುತ್ತಾರೆ.

ಮೇಷ್ಟ್ರು ಕತೆ ನಿಲ್ಲಿಸಿದರು. ಚಿತ್ಕಲಾ ಯೋಚಿಸಿದಳು. ಹಾಗಾದರೆ ಅಡ್ಡ ಹೋಗುವುದು ತಪ್ಪಲ್ಲ, ಮರಳಿ ಬರುವುದು ತಪ್ಪು, ತಾನಂತೂ ನಿನ್ನೆ ಮರಳಲಿಲ್ಲ ಎಂದಳು. ಅವಳ ದನಿಯಲ್ಲಿ ಸ್ವಲ್ಪ ಸಮಾಧಾನವಿತ್ತು.

“ನೀನು ಹೊಡೆದಾಗ ಪ್ರೇಮಲತಾ ಎಲ್ಲಿ ನಿಂತಿದ್ದಳು?” ಎಂದು ಮೇಷ್ಟ್ರು ಕೇಳಿದರು.

ಚಿತ್ಕಲಾ ನಿನ್ನೆಯ ಕೊನೆಯ ಅಂಕವನ್ನು ನೆನಪಿಸಿಕೊಂಡಳು. ನೆನಪಿನಲ್ಲಿ ಚೆಂಡಿತ್ತು, ತನ್ನ ಬ್ಯಾಟಿತ್ತು, ಪ್ರೇಮಲತಾ ಎಲ್ಲೂ ಇರಲಿಲ್ಲ.