ಒಂಬತ್ತು ಗೂಟಗಳ ದಾರಿ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನಮ್ಮ ಊರಲ್ಲಿ ಜ್ವರ ಹಬ್ಬಿದೆ, ಬಾ ಎಂದು ಕರೆ ಬಂದಿದೆ. ನಾಡಿ ನೋಡಬಲ್ಲೆ, ಕಷಾಯ ಕಾಯಿಸಬಲ್ಲೆ. ಆದರೂ ಗ್ರಂಥವನ್ನು ಇನ್ನೊಮ್ಮೆ ಮೊದಲಿನಿಂದ ಓದಿಕೊಂಡು ಹೋಗೋಣ ಅನ್ನಿಸುತ್ತದೆ. ತಪ್ಪಿದರೆ ಒಂದು ಜೀವ ಹೋಗುತ್ತದೆ. ಸಿದ್ಧತೆ ಸಾಕಾಯಿತು ಎಂದು ತಿಳಿಯುವುದು ಹೇಗೆ?"

ಗುರು ಹೇಳಿದರು:

ಕಡಲಿಗೆ ಹತ್ತಿರದ ಹಿನ್ನೀರಿನ ನಡುಗಡ್ಡೆಯಲ್ಲಿ ಒಬ್ಬ ದೋಣಿಯವನಿದ್ದ. ಅವನ ಮಗಳು ತುಂಬು ಗರ್ಭಿಣಿ. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಅವಳಿಗೆ ವಯಸ್ಸಾಗಿತ್ತು, ನೀರೆಂದರೆ ಹೆದರಿಕೆ, ದೋಣಿ ಹತ್ತುತ್ತಿರಲಿಲ್ಲ. ನಡುಗಡ್ಡೆಯ ಹೆಂಗಸರೇ ಹೆರಿಗೆಗೆ ಅವಳ ಮನೆಗೆ ಹೋಗುವುದು ವಾಡಿಕೆ.

ಅಲ್ಲಿ ನೀರು ಆಳವಿಲ್ಲ. ಉಬ್ಬರ ತುಂಬಿದಾಗ ಮಾತ್ರ ದಾಟಬಹುದು. ದೋಣಿ ತೇಲಲು ಒಂದೂವರೆ ಗೇಣು ನೀರು ಬೇಕು. ದಾರಿಯಲ್ಲಿ ಒಂದು ಮರಳ ದಿಬ್ಬವಿದೆ. ಅದರ ಮೇಲೆ ತುಂಬು ಉಬ್ಬರದಲ್ಲೂ ಎರಡೇ ಗೇಣು ನೀರು, ಅದೂ ಸ್ವಲ್ಪ ಹೊತ್ತು.

ದೋಣಿಯವನು ಮಗಳ ತೂಕದಷ್ಟು ಅಕ್ಕಿಮೂಟೆ ಇಟ್ಟುಕೊಂಡು ಏಳು ದಿನ ಹೋಗಿಬಂದ. ಬಿದಿರಿನ ಗಳುವಿನಿಂದ ಆಳ ಅಳೆದ. ದೋಣಿ ತೇಲುವಷ್ಟು ಆಳವಿದ್ದ ದಾರಿಯುದ್ದಕ್ಕೂ ಗುರುತಿಗೆ ಗೂಟ ನೆಟ್ಟ, ಒಟ್ಟು ಒಂಬತ್ತು. ಉಬ್ಬರ ದಿನಕ್ಕೆ ಎರಡು ಗಳಿಗೆ ತಡವಾಗಿ ಬರುವುದನ್ನೂ ಎಣಿಸಿಕೊಂಡ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಮಗಳಿಗೆ ನೋವು ಶುರುವಾಯಿತು. ಉಬ್ಬರ ತುಂಬಲು ಎರಡು ಗಳಿಗೆ ಇತ್ತು. ದಿಬ್ಬ ಒಂದು ಗಳಿಗೆಯ ದಾರಿ. ದೋಣಿ ಹೊರಟಿತು.

ಮೊದಲ ಗೂಟದ ಬಳಿ ಅವನು ದೋಣಿ ನಿಲ್ಲಿಸಿ ಗಳು ಇಳಿಸಿದ. ನೀರು ಸಾಕಷ್ಟಿತ್ತು. ಎರಡನೆಯದರ ಬಳಿ ಎರಡು ಸಲ ಇಳಿಸಿದ. ಮೂರನೆಯದರ ಬಳಿ ಸುತ್ತ ನಾಲ್ಕೂ ಕಡೆ ಅಳೆದ.

ಮಗಳು ಹಲ್ಲು ಕಚ್ಚಿಕೊಂಡು ಕೇಳಿದಳು: "ಅಪ್ಪಾ, ನಿನ್ನೆಯೂ ಅಳೆದಿದ್ದೆಯಲ್ಲ?"

"ನಿನ್ನೆ ದೋಣಿಯಲ್ಲಿದ್ದದ್ದು ಅಕ್ಕಿಮೂಟೆ, ಮಗಳೇ."

ಆರನೆಯ ಗೂಟದ ಬಳಿ ಗಳು ಎತ್ತುವಾಗ ಅವನ ಕಣ್ಣು ಗೂಟದ ಮೇಲೆ ಬಿತ್ತು. ನೀರಿನಿಂದ ಎರಡು ಬೆರಳು ಮೇಲಿನವರೆಗೂ ಅದು ಒದ್ದೆಯಾಗಿತ್ತು. ನೀರು ಆಗಲೇ ಇಳಿಯುತ್ತಿತ್ತು.

ಅವನು ಉಸಿರು ಕಟ್ಟಿ ಹುಟ್ಟು ಹಾಕಿದ. ಏಳನೆಯ ಗೂಟ ದಾಟಿ ದಿಬ್ಬದ ಮೇಲೆ ಬರುವಷ್ಟರಲ್ಲಿ ದೋಣಿಯ ತಳ ಮರಳಿಗೆ ಉಜ್ಜಿ ನಿಂತಿತು. ಗಳು ಊರಿ ನೂಕಿದ. ಅಲುಗಲಿಲ್ಲ. ಹೊತ್ತು ಕಳೆದಂತೆ ನೀರು ಸರಿದು, ದಿಬ್ಬದಿಂದ ದಡದವರೆಗೆ ಕೆಸರು ತೋರಿತು. ಏಳು ದಿನ ಅವನು ನೀರನ್ನು ಅಳೆದಿದ್ದ, ಕೆಸರನ್ನು ಅಳೆದಿರಲಿಲ್ಲ. ಕಾಲಿಡಲು ಧೈರ್ಯ ಬರಲಿಲ್ಲ.

ಮಗಳು ಕೂಗಿದಳು. ಮತ್ತೆ ಕೂಗಿದಳು.

ದಡದಿಂದ ಯಾರೋ ಇಳಿದರು. ತೊಡೆಯವರೆಗೆ ಹೂಳುತ್ತಾ, ಕೈಯೂರಿ ಏಳುತ್ತಾ ಬಂದರು. ಬಂದವಳು ಸೂಲಗಿತ್ತಿ. ಚಿಪ್ಪು ಕೊಯ್ದು ಅವಳ ಕಾಲಿನಿಂದ ರಕ್ತ ಇಳಿಯುತ್ತಿತ್ತು.

"ಬದಿಗೆ ಸರಿ ಮಾರಾಯ. ಆ ಗಳು ಹಿಡಿದುಕೊಂಡು ನೀನು ಹೆರಿಗೆ ಮಾಡಿಸುತ್ತೀಯಾ?"

ಅವನು ತೊದಲಿದ: "ಅಮ್ಮಾ, ಕೆಸರು ಎಷ್ಟು ಆಳವೆಂದು ನಿಮಗೆ ಗೊತ್ತಿತ್ತೇ?"

"ನನಗೆಲ್ಲಿ ಗೊತ್ತು? ಕೂಗು ಕೇಳಿಸಿತು."

ಮುಂದಿನ ಉಬ್ಬರಕ್ಕೆ ದೋಣಿ ತೇಲಿದಾಗ ಅದರಲ್ಲಿ ನಾಲ್ಕು ಜೀವಗಳಿದ್ದವು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನು ಅಳೆದದ್ದೇ ತಪ್ಪೇ?"

"ಏಳು ದಿನ ಅಳೆದದ್ದು ಸರಿ. ಎಂಟನೆಯ ದಿನ ನೋವು ಶುರುವಾಗಿತ್ತು. ನಿನಗೆ ಕರೆ ಬಂದು ಎಷ್ಟು ದಿನವಾಯಿತು?"