ಮಡಿಯಲ್ಲಿಟ್ಟ ಕೊಳಲು

"ರಾಜಕುಮಾರಿ ಕುಮುದಿನಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಉಳಿಯದು" ಎಂದು ಸಿರಿಪಟ್ಟಣದಲ್ಲಿ ಡಂಗುರ ಸಾರಿದರು. ಒಗಟುಗಳೆಲ್ಲ ಅವಳ ತೀರಿಕೊಂಡ ತಾಯಿಯ ಹಳೆಯ ಮರದ ಕೊಳಲಿನ ಮೇಲೆ. ಗೆದ್ದು ಕುಮುದಿನಿಯನ್ನೇ ಕೇಳಿಬಿಡೋಣವೆಂದು ರಾಜಕುಮಾರರು ಸಾಲುಗಟ್ಟಿ ಬಂದರು, ತಪ್ಪು ಹೇಳಿ ಸೆರೆಮನೆ ಸೇರಿದರು. ಅವರ ತಲೆ ತೆಗೆಯಲು ಅಮಾವಾಸ್ಯೆ ನಿಗದಿಯಾಗಿತ್ತು.

ಬಹರಾಮ ಕಡಲಾಚೆಯಿಂದ ಹಡಗಿನಲ್ಲಿ ಬಂದು, ಸಂತೆಬೀದಿಯಲ್ಲಿ ಕೊಳಲು ಮಾಡಿ ಮಾರುತ್ತಿದ್ದ ಬಡವ. ಅವನಿಗೆ ರಾಜ್ಯ ಬೇಡ, ರಾಜಕುಮಾರಿಯೂ ಬೇಡ. ಆ ಕೊಳಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು, ಅಷ್ಟೇ. ಕುತೂಹಲಕ್ಕೆ ಕುತ್ತಿಗೆ ಒಡ್ಡುವವರೂ ಇರುತ್ತಾರೆ ನೋಡಿ.

ಅವನು ಸಭೆಗೆ ಬಂದು ನಿಂತಾಗ ಕುಮುದಿನಿ ಕೊಳಲನ್ನು ತೋರಿಸಿ ಕೇಳಿದಳು: "ಇದನ್ನು ಮಾಡಿದವನು ಬೆವರು ಸುರಿಸಿ ಇದರಲ್ಲಿ ಒಂದನ್ನು ಮಾಡಿಟ್ಟ. ಅದಕ್ಕೆ ತೂಕವಿಲ್ಲ. ಏನದು?"

ಹಿಂದೆ ಬಂದವರು ಕೀರ್ತಿ ಎಂದಿದ್ದರು, ಪ್ರೇಮ ಎಂದಿದ್ದರು. ಬಹರಾಮ, "ಟೊಳ್ಳು. ಮರ ಕೊರೆದು ತೆಗೆದರಲ್ಲವೇ ಕೊಳಲು?" ಎಂದ.

"ಬಾಗಿಲುಗಳನ್ನೆಲ್ಲ ಮುಚ್ಚಿದರೂ ಒಬ್ಬ ಹೊರಗೆ ಹೋಗುತ್ತಾನೆ, ಹೋಗುವಾಗ ದನಿ ತಗ್ಗಿಸುತ್ತಾನೆ. ಯಾರವನು?"

ಕಳ್ಳ ಎಂದು ಹೇಳಿ ಒಬ್ಬ ರಾಜಕುಮಾರ ತಾನೇ ಸಿಕ್ಕಿಬಿದ್ದಿದ್ದ. ಬಹರಾಮ ಉಸಿರು ಎಂದ; ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿದರೆ ಅದು ತುದಿಯಿಂದ ಹೊರಡುತ್ತದೆ, ಸ್ವರ ಇಳಿಯುತ್ತದೆ ಎಂದು ವಿವರಿಸಿದ.

ಮೂರನೆಯದನ್ನು ಕೇಳುವಾಗ ಅವಳು ಕೊಳಲನ್ನು ಅವನ ಕೈಗಿತ್ತಳು. "ಅಮ್ಮನ ಬಾಯಲ್ಲಿ ಹಾಡುತ್ತಿದ್ದದ್ದು ನನ್ನ ಬಾಯಲ್ಲಿ ಯಾಕೆ ಮೂಕವಾಗಿದೆ?" ಇದಕ್ಕೆ ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಬಹರಾಮ ಕೊಳಲನ್ನು ಬೆಳಕಿಗೆ ಹಿಡಿದು ತಿರುಗಿಸಿದ, ಮೂಸಿದ. ಇದನ್ನು ಹೇಗೆ ಇಡುತ್ತೀರಿ ಎಂದು ಕೇಳಿದ. ಅಮ್ಮನ ಕೊಳಲಿಗೆ ಎಂಜಲು ಅಂಟಬಾರದೆಂದು ಊದಿದಾಗಲೆಲ್ಲ ತೊಳೆದು, ಮಡಿಯಲ್ಲಿ ಬಿಸಿಲಿಗೆ ಒಣಗಿಸುತ್ತೇನೆ ಎಂದಳು.

"ಹಾಗಾದರೆ ಮೂಕ ಮಾಡಿದ್ದು ನೀವೇ, ರಾಜಕುಮಾರಿ. ನೆಂದು ಒಣಗಿ ಮರ ಬಿರಿದಿದೆ. ಉಸಿರು ಅಲ್ಲೇ ಸೋರಿಹೋಗುತ್ತಿದೆ."

ಸಭೆ ಬೆಚ್ಚಿತು. ಅವನು ಬಿರುಕಿಗೆ ಜೇನುಮೇಣ ತುಂಬಿ, ಎಣ್ಣೆ ಸವರಿ, ಊದಿದ. ದನಿ ಹೊರಟಿತು. ಆದರೆ ರಾಜಕುಮಾರಿಯ ಬಾಯಲ್ಲಿ ಹಾಡಿದರೆ ತಾನೇ ಉತ್ತರ ಎಂದು ಮಂತ್ರಿ ತಗಾದೆ ತೆಗೆದ. ಪರದೇಶಿಯ ಎಂಜಲೆಂದು ದಾಸಿ ನೀರಿನ ಚೊಂಬು ಹಿಡಿದು ಓಡಿಬಂದಳು.

"ಈಗ ತೊಳೆದರೆ ಮೇಣ ಕೂರುವುದಿಲ್ಲ" ಎಂದ ಬಹರಾಮ. "ಕೊಳಲೂ ಹೋಯಿತು, ನನ್ನ ತಲೆಯೂ ಹೋಯಿತು."

ಕುಮುದಿನಿ ಚೊಂಬನ್ನು ಸರಿಸಿ, ಕೊಳಲನ್ನು ಹಾಗೆಯೇ ತುಟಿಗಿಟ್ಟಳು. ಅಮ್ಮನ ಜೋಗುಳ ಹೊರಟಿತು. ಊದುತ್ತಲೇ ಅತ್ತಳು.

ಏನು ಬೇಕೆಂದು ರಾಜ ಕೇಳಿದಾಗ, ಸೆರೆಯಲ್ಲಿದ್ದವರನ್ನೆಲ್ಲ ಬಿಟ್ಟುಬಿಡಿ ಎಂದ ಬಹರಾಮ. ರಾಜ ನಕ್ಕ. "ಬಿಟ್ಟೆ. ಆದರೆ ಒಬ್ಬರ ಎಂಜಲು ಇನ್ನೊಬ್ಬರ ಬಾಯಿ ಸೇರಿದ ಮೇಲೆ ಮದುವೆಯಲ್ಲಿ ಇನ್ನೇನು ಬಾಕಿ ಉಳಿಯಿತು?"

ಕುಮುದಿನಿ ಕೊಳಲನ್ನು ಒರೆಸದೆ ಬಹರಾಮನ ಕೈಗೆ ಕೊಟ್ಟಳು.